ಮಾವನವರ ‘ರೈಟ್’

ಇನ್ನು ಮೇಲೆ ನನ್ನ ಹೆಂಡತಿ ತವರಿಗೆ ಬಸ್ಸಿನಲ್ಲಿ ಹೋಗತಕ್ಕದ್ದಲ್ಲ ಎಂದು ನಾನು ಪ್ರತಿಜ್ಞೆ ಮಾಡಿದ್ದು ೧೯೮೩ನೇ ಇಸವಿಯಲ್ಲಿ, ಹಾನಗಲ್ಲಿನ ನನ್ನ ಅಕ್ಕಿ ಗಿರಣಿಯ ಅಂಗಳದಲ್ಲಿ, ಹದಿನಾಲ್ಕು ಮಂದಿ ಹಮಾಲರ ಸಮಕ್ಷಮ. ಪುರಾಣದ ವೀರರೂ ಹೀಗೆಯೇ ಗಟ್ಟಿ ದನಿಯಲ್ಲಿ ಪ್ರತಿಜ್ಞೆ ಮಾಡುತ್ತಿದ್ದರಂತೆ. ಆದರೆ ಅವರಿಗೆ ರಥ ನಡೆಸಲು ಬೇರೊಬ್ಬ ಸಾರಥಿ ಇರುತ್ತಿದ್ದ. ನನ್ನ ರಥಕ್ಕೆ ನಾನೇ ಸಾರಥಿ. ಎಡವಟ್ಟು ಇದ್ದದ್ದು ಅಲ್ಲಿಯೇ.

ಪ್ರತಿಜ್ಞೆಗೆ ಕಾರಣ ನನ್ನ ಷಡ್ಡಕ ಪರಮೇಶಪ್ಪ, ಅಂದರೆ ನನ್ನ ಹೆಂಡತಿ ಮಾದೇವಿಯ ಅಕ್ಕನ ಗಂಡ. ಶಿಗ್ಗಾಂವದಲ್ಲಿ ಕಾಳುಕಡಿಯ ದೊಡ್ಡ ವ್ಯಾಪಾರ, ಮನೆಯ ಮುಂದೆ ಜೀಪು. ಹಿರೇಕೆರೂರಿನ ಮಾವನ ಮನೆಯಲ್ಲಿ ಏನೇ ಕಾರ್ಯವಿರಲಿ, ಆ ಜೀಪು ಓಣಿಯ ತುದಿಯಿಂದಲೇ ಹಾರ್ನ್ ಮಾಡುತ್ತ ಬರುತ್ತಿತ್ತು. ಮಾದೇವಿಯ ಅಕ್ಕ ಅದರಿಂದ ಇಳಿಯುವುದನ್ನು ನೋಡಲು ಓಣಿಯ ಹೆಂಗಸರು ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು ಹೊಸ್ತಿಲಿಗೆ ಬರುತ್ತಿದ್ದರು. ನನ್ನ ಮಾದೇವಿ ಮಾತ್ರ ಬಸ್ಸಿನಿಂದಿಳಿದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೈಯಲ್ಲಿ ಚೀಲ ಹಿಡಿದು, ಸದ್ದಿಲ್ಲದೆ ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳು. ಅವಳು ಒಂದು ದಿನವೂ ಇದನ್ನು ಆಡಿ ತೋರಿಸಲಿಲ್ಲ. ಒಮ್ಮೆ ಮಾತ್ರ, ಊರಿಗೆ ಮರಳಿದ ಮೇಲೆ ಸೀರೆ ಕೊಡವುತ್ತ ಅಂದಿದ್ದಳು:

“ಅಕ್ಕ ಎಷ್ಟ ದೂರದಿಂದ ಬಂದ್ರೂ ಆಕಿ ಸೀರಿ ಇಸ್ತ್ರಿ ಮುರ್ಯೂದಿಲ್ಲ ನೋಡ್ರಿ.”

ಆ ಒಂದು ಮಾತು ಭತ್ತದ ಮುಳ್ಳಿನ ಹಾಗೆ ನನ್ನ ಗಂಟಲಲ್ಲಿ ಮೂರು ವರ್ಷ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ನಾನು ಕಾರನ್ನೇ ಕೊಂಡೆ.

ಕಾರು ಸವಣೂರಿನದು. ಅಲ್ಲಿಯ ಡಾಕ್ಟರ್ ಮುಮ್ತಾಜಬೇಗಂ ಅವರು ಹನ್ನೆರಡು ವರ್ಷ ತಾವೇ ಓಡಿಸಿದ್ದು. ಸವಣೂರಿನ ಅರ್ಧ ಜನ ಈ ಲೋಕಕ್ಕೆ ಬಂದದ್ದು ಅವರ ಕೈಯಿಂದ; ಆ ಕೈಗಳನ್ನು ಹಗಲು ರಾತ್ರಿ ಮನೆಮನೆಗೆ ಮುಟ್ಟಿಸಿದ್ದು ಈ ಕಾರು. ನಾಲ್ಕು ಬಾಗಿಲು, ಕೆನೆಹಾಲಿನ ಬಣ್ಣ, ಮಡಿಸಿಟ್ಟ ಕರವಸ್ತ್ರದಂಥ ಪುಟ್ಟ ಮೈ. ಊರಿನವರು ಡಾಕ್ಟರ ಹೆಸರನ್ನೇ ಕಾರಿಗೂ ಇಟ್ಟು ‘ಬೇಗಂ’ ಎಂದು ಕರೆಯುತ್ತಿದ್ದರು. ಡಾಕ್ಟರಿಗೆ ವಯಸ್ಸಾಗಿ ಕಣ್ಣು ಮಂದವಾದಾಗ ಕಾರನ್ನು ನನಗೆ ಮಾರಿದರು. ಮಾರಿ ಸುಮ್ಮನಾಗದೆ, ಹತ್ತು ದಿನ ಪಕ್ಕದಲ್ಲಿ ಕುಳಿತು ಕಲಿಸಿಯೂ ಕೊಟ್ಟರು. ಪಾಠ ನಡೆದದ್ದು ಸವಣೂರಿನ ದೊಡ್ಡಹುಣಸೆ ಮರಗಳ ಹತ್ತಿರದ ಬಯಲಿನಲ್ಲಿ. ಹತ್ತು ಜನ ಕೈಕೈ ಹಿಡಿದರೂ ತಬ್ಬಲಾಗದ ಆ ಮರಗಳನ್ನು ನಾನು ಹತ್ತು ದಿನವೂ ಗುದ್ದದೆ ಬಂದೆ ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ. ಮುಂದೆ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ.

“ಸಾವ್ಕಾರ್ರ,” ಎಂದಿದ್ದರು ಡಾಕ್ಟರು, “ನಾ ಲೆಫ್ಟ್ ಅಂದ್ರ ಎಡಕ್ಕ, ರೈಟ್ ಅಂದ್ರ ಬಲಕ್ಕ. ಇಷ್ಟ ತಲ್ಯಾಗ ಇಟ್ಕೋರಿ. ಉಳದದ್ದು ಗಾಡಿಗೆ ಗೊತ್ತೈತಿ.”

“ಇಟ್ಕೊಂಡೆ ಡಾಕ್ಟರ್ ಬಾಯಾರ.”

“ಇನ್ನೊಂದ ಮಾತು. ಗಾಡ್ಯಾಗ ಹೇಳೋ ಬಾಯಿ ಒಂದ ಇರ್ಬೇಕು. ಎರಡಾದ್ವೋ, ಗಾಡಿ ಹೊಡ್ಯಾಂವ ಇಳದ ನಡಕೋತ ಹೋಗೂದು ಚಲೋ.”

ಈ ಎರಡು ಮಾತುಗಳನ್ನು ನಾನು ಮಂತ್ರದಂತೆ ಪಾಲಿಸಿದೆ. ಮುಂದಿನದಕ್ಕೆಲ್ಲ ಈ ಪಾಲನೆಯೇ ಕಾರಣ.

ನಮ್ಮ ಕಡೆ ಗಾಡಿಯನ್ನು ಯಾರೂ ನಡೆಸುವುದಿಲ್ಲ, ಹೊಡೆಯುತ್ತಾರೆ. ಎತ್ತಿನ ಕಾಲದ ಮಾತು ಎಂಜಿನ್ನಿಗೂ ಬಂದಿದೆ. ಹಾನಗಲ್ಲಿಗೆ ಬಂದ ಮೊದಲ ವಾರದಲ್ಲಿ ನಾನು ಗಿರಣಿಯ ಗೇಟನ್ನು ಹೊಡೆದೆ, ತೌಡಿನ ಚೀಲಗಳ ಒಟ್ಟಿಲನ್ನು ಹೊಡೆದೆ, ನಮ್ಮದೇ ತುಳಸಿಕಟ್ಟೆಯ ಮೂಲೆಯನ್ನು ಮೆಲ್ಲಗೆ ಹೊಡೆದೆ.

“ಗಾಡಿ ಹೊಡ್ಯಾಕ ಕಲತೇನಿ ಅಂದ್ರಿ,” ಎಂದಳು ಮಾದೇವಿ ಕಟ್ಟೆಯ ಮಣ್ಣು ಬಳಿಯುತ್ತ, “ನಾ ಏನೋ ಮಾತಿಗೆ ಅಂದಿರಿ ಅನ್ಕೊಂಡಿದ್ದೆ.”

“ಕೈ ಕೂಡೂ ತನಕ ಹಂಗ.”

“ಗಿರಣಿಯಿಂದ ಮನೀಗೆ ಬರಾಕ ಇಪ್ಪತ್ತು ಮಿನಿಟ್ ತಗೊಂಡ್ರಿ. ನಡಕೋತ ಬಂದ್ರ ಐದು. ಈ ಬೇಗಂಗ ಹೆಸರಿನ್ಯಾಗಷ್ಟ ಬೇಗ ಐತೇನು?”

ಅವಳು ನಕ್ಕಳು. ಆದರೆ ಅದೇ ರಾತ್ರಿ ತವರಿಗೆ ಕಾಗದ ಬರೆದಳು. ನಾನು ಹಿಂದಿನಿಂದ ಇಣುಕಿ ಓದಿದೆ. ‘ಯವ್ವಾ, ಸರೋಜಿಯ ವೀಳ್ಯಕ್ಕೆ ನಾವು ಕಾರಿನಲ್ಲಿ ಬರುತ್ತೇವೆ’ ಎಂದಿತ್ತು. ‘ಕಾರಿನಲ್ಲಿ’ ಎಂಬ ಶಬ್ದದ ಕೆಳಗೆ ಗೆರೆ ಎಳೆದಿದ್ದಳು. ಒಂದಲ್ಲ, ಎರಡು.

ಸರೋಜವ್ವ ಮಾದೇವಿಯ ತಂಗಿ. ನಮ್ಮಲ್ಲಿ ಸಂಬಂಧ ಗಟ್ಟಿಯಾಯಿತು ಎನ್ನಬೇಕಾದರೆ ಹಿರಿಯರ ಮುಂದೆ ಎರಡು ಕಡೆಯವರು ಎಲೆ ಅಡಿಕೆ ಬದಲಾಯಿಸಿಕೊಳ್ಳಬೇಕು, ಅದೇ ವೀಳ್ಯ. ಎಲೆ ಕೈ ಬದಲಾಗುವವರೆಗೆ ಉಳಿದದ್ದೆಲ್ಲ ಬರೀ ಮಾತು. ಮುಹೂರ್ತ ಮಧ್ಯಾಹ್ನ ಹನ್ನೆರಡೂವರೆಗೆ. ಗಂಡಿನ ಕಡೆಯವರು ಎಲೆಯ ವಿಷಯದಲ್ಲಿ ಭಾರಿ ನಾಜೂಕು. ಸವಣೂರಿನ ಎಲೆಯೇ ಆಗಬೇಕು ಎಂದಿದ್ದರು. ಸವಣೂರು ಹೇಗೂ ನನಗೆ ಪರಿಚಯವಾಗಿತ್ತಲ್ಲ, ಎಲೆ ತರುವ ಭಾರವನ್ನೂ ನಾನೇ ಹೊತ್ತುಕೊಂಡೆ. ಐನೂರು ಎಲೆಯ ಬುಟ್ಟಿಯನ್ನು ಬಾಳೆಲೆಯಲ್ಲಿ ಸುತ್ತಿ, ಒದ್ದೆ ಗೋಣಿತಟ್ಟು ಹೊದಿಸಿ, ಕಾರಿನ ಡಿಕ್ಕಿಯಲ್ಲಿ ಮಗುವನ್ನು ಮಲಗಿಸಿದ ಹಾಗೆ ಇಟ್ಟೆ.

ಹಿಂದಿನ ದಿನ ಮಗಳನ್ನು ಕರೆದೊಯ್ಯಲು ಮಾವನವರು ಬಂದಿದ್ದರು. ಉಳಿವೆಪ್ಪನವರು. ಇವರ ಪರಿಚಯ ಸ್ವಲ್ಪ ಮಾಡಿಕೊಡಬೇಕು. ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದವರು, ಅದೂ ಹೆಚ್ಚಾಗಿ ಹಾನಗಲ್–ತಿಳವಳ್ಳಿ–ಹಿರೇಕೆರೂರು ದಾರಿಯಲ್ಲಿಯೇ. ನಿವೃತ್ತರಾಗಿ ಎರಡು ವರ್ಷವಾಗಿತ್ತು. ಖಾಕಿ ಬಿಚ್ಚಿದ್ದರು, ಕಂಡಕ್ಟರಿಕೆಯನ್ನು ಬಿಚ್ಚಿರಲಿಲ್ಲ. ಮನೆಯಲ್ಲಿ ಪಂಕ್ತಿ ಕೂತಾಗ ಇವರು ಬಾಗಿಲಲ್ಲಿ ನಿಂತು “ಒಳಗ ಸರೀರಿ, ಒಳಗ ಜಾಗಾ ಐತಿ” ಎನ್ನುತ್ತಿದ್ದರು.

“ಒಂಬತ್ತೂವರಿ ಬಸ್ಸಿಗೆ ಹೋಗೂಣೇನ್ರಿ?” ಎಂದು ಮಾದೇವಿ ಹೊರಡುವ ಬೆಳಿಗ್ಗೆ ಮೆಲ್ಲಗೆ ಕೇಳಿದಳು. “ಎಲಿ ಹೊತ್ತಿಗೆ ಮುಟ್ಟಬೇಕು. ಕಾರು ಇನ್ನೊಮ್ಮೆ ತಗೊಂಡ ಹೋಗೂಣಂತ.”

“ಕಾಗದದಾಗ ಎರಡು ಗೆರಿ ಎಳದಿ,” ಎಂದೆ ನಾನು. ಅವಳ ಮುಖ ಕೆಂಪಾಯಿತು. ಮಾತು ಅಲ್ಲಿಗೆ ಮುಗಿಯಿತು.

ನಾನು ಬೇಗಂಗೆ ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಗಾಲಿಗೂ ನಾಲ್ಕು ನಿಂಬೆಹಣ್ಣು ಇಟ್ಟೆ. ಎಂಟೂವರೆಗೆ ಹೊರಟೆವು. ಮುಂದೆ ನಾನು, ಪಕ್ಕದಲ್ಲಿ ಇಸ್ತ್ರಿ ಮಾಡಿದ ರೇಷ್ಮೆ ಸೀರೆಯಲ್ಲಿ ಮಾದೇವಿ. ಹಿಂದೆ ಎಡಗಡೆಯ ಬಾಗಿಲಿಗೆ ಅಂಟಿಕೊಂಡು ಮಾವನವರು. ಎಳೆ ಬಿಸಿಲು ಭತ್ತದ ಕೂಳೆಯ ಮೇಲೆ ಬಿದ್ದಿತ್ತು. ಕೆರೆಯ ನೀರು ಕಣ್ಣು ಬಿಡುತ್ತಿತ್ತು. ಮಾದೇವಿ ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಮಾತ್ರ ಇಳಿಸಿ, ಗಾಳಿಗೆ ಮುಖ ಕೊಟ್ಟು ಕುಳಿತಳು. ಆ ಮುಖವನ್ನು ನೋಡುತ್ತ ನಾನು ಮೂರು ವರ್ಷದ ಮುಳ್ಳು ಗಂಟಲಿನಿಂದ ಇಳಿಯಿತು ಎಂದುಕೊಂಡೆ. ಆಗ ಹಿಂದಿನಿಂದ ಗುಡುಗಿದಂತೆ ದನಿ ಬಂತು:

“ಹೋಲ್ಡಾನ್!”

ಯಾರೋ ಗಾಲಿಗೆ ಸಿಕ್ಕರೆಂದು ಎದೆ ಹಾರಿ ಬ್ರೇಕಿನ ಮೇಲೆ ನಿಂತೇಬಿಟ್ಟೆ. ಮಾದೇವಿಯ ಹಣೆ ಮುಂದಿನ ಗಾಜನ್ನು ಮುಟ್ಟಿ ಬಂತು. ತಿರುಗಿ ನೋಡಿದರೆ ಮಾವನವರು ಆಗಲೇ ಬಾಗಿಲು ತೆರೆದಿದ್ದರು. ರಸ್ತೆಯ ಪಕ್ಕ ಒಬ್ಬ ಮುದುಕಿ, ತಲೆಯ ಮೇಲೆ ಬುಟ್ಟಿ.

“ಎಲ್ಲಿಗೆ ಗುತ್ತೆವ್ವ?”

“ಹಿರೇಕೆರೂರಿಗೆ ಯಪ್ಪಾ. ಮಗಳು ಹಡದಾಳ. ಎರಡು ಕೋಳಿ ಒಯ್ಯಾಕತ್ತೇನಿ.”

“ಏರು, ಏರು. ಒಳಗ ಜಾಗಾ ಐತಿ.”

ಗುತ್ತೆವ್ವ ಹತ್ತಿದಳು. ಹಿಂದೆ ಉಳಿದ ಜಾಗ ಮುಂದೆ ಹತ್ತುವವರಿಗೆ ಬೇಕಲ್ಲ, ಕೋಳಿಯ ಬುಟ್ಟಿ ಮಾದೇವಿಯ ತೊಡೆಯ ಮೇಲೆ ಬಂತು. ಮಾವನವರು ಬಾಗಿಲು ಎಳೆದುಕೊಂಡು, ಬೆರಳ ಗಿಣ್ಣಿನಿಂದ ಕಾರಿನ ತಾರಸಿಯನ್ನು ಎರಡು ಸಲ ಬಡಿದು, “ರೈಟ್, ರೈಟ್” ಎಂದರು.

ನಾನು ಬಲಗಡೆ ನೋಡಿದೆ. ಗಟಾರವಿತ್ತು.

“ಏನಾತ್ರಿ ಅಳ್ಯಾರ? ರೈಟ್ ಅಂದೆ.”

“ಇಲ್ಲಿ ರೈಟಿಗೆ ದಾರಿ ಇಲ್ರಿ ಮಾವಾರ.”

“ಹೋಗ್ರಿ ಅಂದೆ, ಗಾಡಿ ಬಿಡ್ರಿ ಅಂದೆ.”

ಹೀಗೆ ‘ರೈಟ್’ ಎಂಬ ಶಬ್ದಕ್ಕೆ ನನ್ನ ಕಾರಿನಲ್ಲಿ ಎರಡು ಅರ್ಥಗಳು ಪ್ರವೇಶ ಮಾಡಿದವು. ಡಾಕ್ಟರದ್ದು ಒಂದು, ಕಂಡಕ್ಟರದ್ದು ಒಂದು.

“ಯಪ್ಪಾ, ಇದು ಬಸ್ಸಲ್ಲ,” ಎಂದಳು ಮಾದೇವಿ ಬುಟ್ಟಿಯ ಹಿಂದಿನಿಂದ.

“ಗೊತ್ತೈತಿ ಬಿಡವ. ಗಾಡಿ ಖಾಲಿ ಹೋಗಬಾರದು.”

ಅಕ್ಕಿಆಲೂರು ದಾಟುತ್ತಲೇ ಇನ್ನೊಂದು ಹೋಲ್ಡಾನ್. ಈ ಸಲ ಬಳೆ ಮಾರುವ ಅಖ್ತರುನ್ನೀಸಾ, ತೋಳಿನ ತುಂಬ ಬಳೆಗಳ ಮಲಾರ. ಅವಳು ಹತ್ತುವ ಮೊದಲು ಕಾರನ್ನು ಸುತ್ತು ಹಾಕಿ ನೋಡಿದಳು.

“ಕಂಡಕ್ಟರ್ ಸಾಹೇಬ್ರ, ಇದು ಡಾಕ್ಟರ್ ಬೇಗಂ ಗಾಡಿ ಅಲ್ಲೇನ್ರಿ? ನಮ್ಮ ಕೊನೀ ಮಗ ಹುಟ್ಟಿದಾಗ ಬಂದಿತ್ತು. ಇದನ್ನ ಈಗ ಯಾರ ಹೊಡೀತಾರ?”

“ನಮ್ಮ ಅಳ್ಯಾರು.”

ಅವಳು ನನ್ನನ್ನು ನೋಡಿ, ಬಳೆಗಳನ್ನು ಎದೆಗೆ ಒತ್ತಿಕೊಂಡು, “ಯಾ ಅಲ್ಲಾ” ಎಂದು ಹತ್ತಿದಳು. ಆಮೇಲೆ ಪ್ರತಿ ಗುಂಡಿಗೂ ಆ ಬಳೆಗಳು ಝಲ್ ಎನ್ನುತ್ತಿದ್ದವು, ಪ್ರತಿ ಝಲ್‌ಗೂ ಕೋಳಿಗಳು ಕೂಗುತ್ತಿದ್ದವು, ಪ್ರತಿ ಕೂಗಿಗೂ ಮಾದೇವಿ ಕಣ್ಣು ಮುಚ್ಚುತ್ತಿದ್ದಳು. ಅವಳ ಸೀರೆಯ ಇಸ್ತ್ರಿಯ ವಿಷಯವನ್ನು ನಾನು ಯೋಚಿಸುವುದನ್ನೇ ಬಿಟ್ಟೆ. ಬೇಗಂ ಮಾತ್ರ ಹೆರಿಗೆಗೆ ಹೊರಟಿದ್ದೇನೆಂದೇ ತಿಳಿದು ನಿಷ್ಠೆಯಿಂದ ಓಡುತ್ತಿತ್ತು.

ತಿಳವಳ್ಳಿ ದಾಟಿ ಸ್ವಲ್ಪ ದೂರಕ್ಕೆ ದಾರಿ ಎರಡಾಗುತ್ತದೆ. ಸರಿಯಾಗಿ ಆ ಕವಲಿನಲ್ಲಿ ಒಬ್ಬ ಮನುಷ್ಯ ಕೈ ಎತ್ತಿದ.

“ಹೋಲ್ಡಾನ್!”

ನಿಲ್ಲಿಸಿದೆ. ಆ ಮನುಷ್ಯ ಹತ್ತಿರ ಬಂದು, ಕಿಟಕಿಗೆ ಬಗ್ಗಿ, “ಟೈಮ್ ಎಷ್ಟಾತ್ರಿ?” ಎಂದ.

ಮಾವನವರು ಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದರು. ಇದೇ ಸಮಯವೆಂದು ನಾನು ಮುಂದೆ ನೋಡುತ್ತಲೇ ಕೇಳಿದೆ: “ಇಲ್ಲಿ ಲೆಫ್ಟೋ ರೈಟೋ?”

“ಎಡಕ್ಕರಿ,” ಎಂದಳು ಮಾದೇವಿ.

“ಒಂಬತ್ತು ಐವತ್ತು,” ಎಂದರು ಮಾವನವರು ಆ ಮನುಷ್ಯನಿಗೆ. ಆಮೇಲೆ ತಾರಸಿಯನ್ನು ಎರಡು ಸಲ ಬಡಿದು, “ರೈಟ್, ರೈಟ್” ಎಂದರು.

ಎರಡು ಬಾಯಿ. ಡಾಕ್ಟರು ಎಚ್ಚರಿಸಿದ್ದು ಇದನ್ನೇ. ನಾನು ಒಂದೇ ಬಾಯಿಯ ಮಾತು ಕೇಳಬೇಕು. ಯಾರದು? ಮೂವತ್ತು ವರ್ಷ ಈ ದಾರಿಯ ಧೂಳು ಕುಡಿದ ಹಿರಿಯರದೋ, ಕೋಳಿಬುಟ್ಟಿಯ ಹಿಂದೆ ಮುಖವೇ ಕಾಣದ ಹೆಂಡತಿಯದೋ? ನಾನು ನ್ಯಾಯಾಧೀಶನ ಗಾಂಭೀರ್ಯದಿಂದ ಬಲಕ್ಕೆ ತಿರುಗಿಸಿದೆ.

“ಏನ್ರಿ...” ಎಂದಳು ಮಾದೇವಿ.

“ಸುಮ್ನಿರು. ಗಾಡ್ಯಾಗ ಒಂದ ಬಾಯಿ.”

ಅವಳು ಸುಮ್ಮನಾದಳು. ಮದುವೆಯಾಗಿ ಹನ್ನೊಂದು ವರ್ಷಗಳಲ್ಲಿ ಅವಳು ನನ್ನ ಮಾತು ಕೇಳಿ ಸುಮ್ಮನಾದದ್ದು ಅದೊಂದೇ ಸಲ. ಆ ಗೆಲುವಿನ ಅಮಲಿನಲ್ಲಿ ಎರಡು ಮೈಲು ಹೋಗಿದ್ದೆ. ಮಾವನವರು ಗುತ್ತೆವ್ವನೊಡನೆ ಬಾಣಂತಿಯ ಪಥ್ಯದ ಮಾತಿನಲ್ಲಿ ಮುಳುಗಿದ್ದವರು ತಲೆ ಎತ್ತಿ ಹೊರಗೆ ನೋಡಿದರು.

“ಅಳ್ಯಾರ, ಇದು ಯಾ ದಾರಿ?”

“ನೀವು ಹೇಳಿದ ದಾರೀರಿ.”

“ನಾ ಎಲ್ಲಿ ಹೇಳೇನಿ?”

“ಲೆಫ್ಟೋ ರೈಟೋ ಅಂದೆ. ರೈಟ್ ಅಂದ್ರಿ.”

ಮಾವನವರು ಬಹಳ ನೊಂದ ದನಿಯಲ್ಲಿ ಹೇಳಿದರು: “ಮೂವತ್ತು ವರ್ಷ ರೈಟ್ ಅಂದೇನಿ, ಅಳ್ಯಾರ. ಒಬ್ಬ ಡ್ರೈವರನೂ ಬಲಕ್ಕ ತಿರುಗಿಸಿಲ್ಲ.”

ತಿರುಗಿಸಿಕೊಂಡು ಹೋಗಬೇಕು ಎಂದಾಯಿತು. ಆದರೆ ದಾರಿ ಕಿರಿದು, ಎರಡೂ ಕಡೆ ಗಟಾರ. ಮುಂದೆ ಒಂದು ಊರಿನ ಅಂಚಿನಲ್ಲಿ ದಾರಿ ಅಗಲವಾಗಿತ್ತು. ಅಗಲವಾದ ಕಡೆಯೆಲ್ಲ ಕಿತ್ತು ತಂದ ಹುರುಳಿಯನ್ನು ದಪ್ಪಗೆ ಹಾಸಿದ್ದರು. ಹೋಗಿ ಬರುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಉದುರಲಿ ಎಂದು ನಮ್ಮ ರೈತರು ಹೀಗೆ ರಸ್ತೆಯನ್ನೇ ಕಣ ಮಾಡುತ್ತಾರೆ. ಆ ದಾರಿಯಲ್ಲಿ ಗಾಡಿ ಓಡಾಡುವುದೇ ಅಪರೂಪ ಇರಬೇಕು. ಕಾಯುತ್ತ ಕುಳಿತಿದ್ದ ಹೆಂಗಸರು ನಮ್ಮನ್ನು ನೋಡಿ ಎದ್ದು ನಿಂತರು. ಅವರ ಮುಂದಾಳು ಮಹಾದೇವಕ್ಕ ಎಂಬಾಕೆ, ಕೈಯಲ್ಲಿ ಮೊರ.

“ಬರ್ರಿ, ಬರ್ರಿ. ಮುಂಜಾನಿಂದ ಒಂದ ಗಾಡಿ ಇಲ್ಲ ನೋಡ್ರಿ.”

“ನಾವು ತಿರುಗಿಸ್ಕೊಂಡ ಹೋಗಬೇಕವ್ವ,” ಎಂದೆ.

“ತಿರುಗಿಸ್ರಿ. ಇದರ ಮ್ಯಾಲ ತಿರುಗಿಸ್ರಿ.”

ಮಾವನವರು ಇಳಿದು ಕಾರಿನ ಹಿಂದೆ ನಿಂತರು. “ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್.” ನಾನು ಹಿಂದೆ ಬಂದೆ. “ರೈಟ್.” ಮುಂದೆ ಹೋದೆ. “ಬರ್ಲಿ, ಬರ್ಲಿ... ಹೋಲ್ಡಾನ್.” ಮೂರು ಸಲ ಹೀಗೆ ಆದ ಮೇಲೆ ಕಾರು ಅಡ್ಡಡ್ಡ ನಿಂತಿತು. ಇನ್ನೊಂದು ಎಳೆತಕ್ಕೆ ಪೂರ್ತಿ ತಿರುಗುತ್ತಿತ್ತು. ಆದರೆ ಹೆಂಗಸರು ಕೈ ತಟ್ಟುತ್ತಿದ್ದರು.

“ಅಣ್ಣಾರು ಚಂದ ಹೊಡೀತಾರ,” ಎಂದಳು ಮಹಾದೇವಕ್ಕ. “ಕಾಳು ಹೆಂಗ ಬಿಡಾಕತ್ತಾವ ನೋಡು. ಅಣ್ಣಾರ, ಇನ್ನ ನಾಕು ಸುತ್ತು ಹೊಡೀರಿ.”

ಕಾರು ತಂದ ಮೇಲೆ ನನ್ನ ಗಾಡಿ ಹೊಡೆತವನ್ನು ಹೊಗಳಿದ ಮೊದಲ ಪ್ರಾಣಿ ಆಕೆ. ನಾನು ಏನು ಮಾಡಲಿ? ಹೊಡೆದೆ. ಹಿಂದೆ, ಮುಂದೆ. ಊರಿನ ಭತ್ತವನ್ನೆಲ್ಲ ಅಕ್ಕಿ ಮಾಡುವ ಗಿರಣಿಯ ಧಣಿ, ನಿಶ್ಚಯಕ್ಕೆ ಹೊರಟ ಹೆಣ್ಣಿನ ಮನೆಯ ಅಳಿಯ, ರೇಷ್ಮೆ ಪಂಚೆಯುಟ್ಟು, ಸವಣೂರಿನ ಡಾಕ್ಟರ ಕಾರಿನಲ್ಲಿ ಹುರುಳಿ ಒಕ್ಕಿದೆ.

“ಸಾಕ್ರಿ,” ಎಂದಳು ಮಾದೇವಿ. “ಹತ್ತೂಕಾಲು.”

“ಇದೊಂದ ಸುತ್ತು.”

ಆ ಸುತ್ತಿನಲ್ಲಿ ಒಂದು ವಾಸನೆ ಬಂತು. ಊದಿನಕಡ್ಡಿಯದಲ್ಲ. ಹಿಂದೆ ಮುಂದೆ ಎಳೆದಾಡುವ ಹುರುಪಿನಲ್ಲಿ ನಾನು ಕ್ಲಚ್ಚಿನ ಮೇಲಿಂದ ಕಾಲು ತೆಗೆಯುವುದನ್ನೇ ಮರೆತಿದ್ದೆ, ಅದು ಸುಟ್ಟುಹೋಗಿತ್ತು. ಸಾಲದ್ದಕ್ಕೆ ಹುರುಳಿಯ ಬಳ್ಳಿ ಗಾಲಿಯ ಅಚ್ಚಿಗೆ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ಎಂಜಿನ್ ಗುಂಯ್ ಎನ್ನುತ್ತಿತ್ತು, ಗಾಲಿ ಕದಲುತ್ತಿರಲಿಲ್ಲ. ಕೊನೆಗೆ ಎಂಜಿನ್ನೂ ನಿಂತಿತು. ಬಯಲಿನಲ್ಲಿ ಒಮ್ಮೆಲೇ ಎಷ್ಟು ಮೌನವಾಯಿತೆಂದರೆ, ಹುರುಳಿಯ ಕಾಯಿ ಬಿಸಿಲಿಗೆ ಚಟ್ ಎಂದು ಒಡೆಯುವುದು ಕೇಳಿಸಿತು.

ಮಾದೇವಿ ಕೋಳಿಬುಟ್ಟಿಯನ್ನು ಇಳಿಸಿ ಹೊರಗೆ ಬಂದಳು. ಅವಳು ಕೂಗಿದ್ದರೆ ಚೆನ್ನಾಗಿತ್ತು.

“ಸರೋಜಿ ಎಲಿ ಸಲುವಾಗಿ ಬಾಗಿಲ ನೋಡಕೋತ ಕುಂತಿರ್ತಾಳ್ರಿ,” ಎಂದಳು ಅಷ್ಟೇ.

ಅಲ್ಲಿಂದ ಮುಂದಿನ ಕೆಲಸವನ್ನೆಲ್ಲ ಮಹಾದೇವಕ್ಕನೇ ವಹಿಸಿಕೊಂಡಳು. ತಾನೇ ಕಾರಿನಡಿ ಮಲಗಿ ಕುಡಗೋಲಿನಿಂದ ಅಚ್ಚಿಗೆ ಸುತ್ತಿದ ಬಳ್ಳಿಯನ್ನೆಲ್ಲ ಕೊಯ್ದಳು. ಊರಿನವರನ್ನು ಕೂಗಿದಳು. ಮೂವತ್ತು ನಲವತ್ತು ಜನ ಬಂದು, ಕಾರನ್ನು ಕವಲಿನ ತನಕ ಎರಡು ಮೈಲು ನೂಕಿಕೊಂಡು ಹೋದರು. ಕವಲು ಮುಟ್ಟಿದ ಮೇಲೆ ಮಾವನವರು ಡಿಕ್ಕಿ ತೆರೆದರು.

“ಇಷ್ಟು ಮಂದಿ ಬೆವರು ಸುರಿಸ್ಯಾರ. ಎಲಿ ಅಡಿಕಿ ಕೊಡದ ಕಳಸಾಕ ಬರತೈತೇನು?”

ಕಾರ್ಯಕ್ಕೆ ಹೊರಟ ಮನೆಯವರು ಒಬ್ಬರಿಗೆ ಐದು ಎಲೆಗಿಂತ ಕಡಿಮೆ ಕೊಡುವುದು ಶೋಭೆಯಲ್ಲ. ಮಾವನವರು ಟಿಕೆಟ್ ಹರಿದು ಕೊಡುವ ಕೈಚಳಕದಿಂದ ಐದೈದು ಎಣಿಸಿ ಕೊಡತೊಡಗಿದರು. ನೂಕದೆ ಬರೀ ನೋಡುತ್ತ ಬಂದವರೂ ನಿಂತು ಸಾಲು ಎಂಬತ್ತಕ್ಕೆ ಬೆಳೆಯಿತು. ಟೈಮು ಕೇಳಿದ ಮನುಷ್ಯ ಇನ್ನೂ ಅಲ್ಲೇ ಇದ್ದ, ಅವನಿಗೂ ಐದು. ನಾನು ಅಡ್ಡ ಹೋಗಿ, “ಮಾವಾರ, ಕಾರ್ಯಕ್ಕ ಉಳೀಬೇಕ್ರಿ” ಎಂದರೆ, “ಬುಟ್ಟಿ ತುಂಬ ಅದಾವು” ಎಂದರು. ಬುಟ್ಟಿಯ ತಳ ಆಗಲೇ ಇಣುಕುತ್ತಿತ್ತು.

ಆಗ ಬಂತು, ಹಾನಗಲ್ಲಿನ ಒಂಬತ್ತೂವರೆ ಬಸ್ಸು. ಬೆಳಿಗ್ಗೆ ಮಾದೇವಿ ಹೋಗೋಣವೇ ಎಂದು ಕೇಳಿದ ಅದೇ ಬಸ್ಸು.

ಮಾವನವರು ರಸ್ತೆಯ ನಡುವೆ ನಿಂತು ಕೈ ಚಾಚಿದರು. ಅವರಿಗೆ ‘ಹೋಲ್ಡಾನ್’ ಎನ್ನುವ ಅಗತ್ಯವೂ ಇರಲಿಲ್ಲ. ಡ್ರೈವರ್ ಫಕ್ಕೀರಪ್ಪ ಇವರ ಜೊತೆ ಹತ್ತು ವರ್ಷ ದುಡಿದವನು. ಇಳಿದು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ.

“ಸಾಹೇಬ್ರ ಮಗಳ ವೀಳ್ಯ ಅಂದ್ರ ನಮ್ಮ ಮನೀ ಕಾರ್ಯ. ಹತ್ರಿ ಎಲ್ಲಾರೂ.”

“ಕಾರು?” ಎಂದೆ ನಾನು.

ಫಕ್ಕೀರಪ್ಪ ಬೇಗಂ ಕಡೆಗೆ ನೋಡಿದ. “ಹಗ್ಗ ಐತೇನ್ರಿ?”

ಮಹಾದೇವಕ್ಕನ ಬಳಿ ಹಗ್ಗವಿತ್ತು. ಬಂಡಿಗೆ ಹುಲ್ಲು ಬಿಗಿಯುವ, ಮುಂಗೈ ದಪ್ಪದ ಹಗ್ಗ. ಬೇಗಂನ ಮೂಗಿಗೆ ಅದರ ಒಂದು ತುದಿ, ಬಸ್ಸಿನ ಬೆನ್ನಿಗೆ ಇನ್ನೊಂದು. ಉಳಿದ ಎಲೆಗಳನ್ನು ಮಾವನವರು ಫಕ್ಕೀರಪ್ಪನಿಗೆ, ಕಂಡಕ್ಟರಿಗೆ, ಕೈ ಚಾಚಿದ ಪ್ರಯಾಣಿಕರಿಗೆ ಕೊಟ್ಟು ಕೈ ಕೊಡವಿದರು. ಎಲ್ಲರೂ ಬಸ್ಸು ಹತ್ತಿದರು. ಕಾರಿನಲ್ಲಿ ಉಳಿದವನು ನಾನೊಬ್ಬ, ಚುಕ್ಕಾಣಿ ಹಿಡಿಯಲು. ಬಸ್ಸಿನ ಹಿಂದಿನ ಗಾಜಿನಲ್ಲಿ ಮಾದೇವಿಯ ಮುಖ ಕಂಡಿತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಧೂಳಿಗೋ, ನಗುವಿಗೋ ತಿಳಿಯಲಿಲ್ಲ.

ಆ ಮುಂದಿನ ಒಂದು ತಾಸನ್ನು ನಾನು ಸಾಯುವವರೆಗೆ ಮರೆಯಲಾರೆ. ಮಾವನವರು ಬಸ್ಸಿನ ಹಿಂಬಾಗಿಲಲ್ಲಿ ನಿಂತು, ಇದ್ದ ಕಂಡಕ್ಟರನನ್ನು ಒಳಗೆ ಕೂರಿಸಿ, ಪ್ರತಿ ಊರಿಗೂ ‘ಹೋಲ್ಡಾನ್’ ಎಂದು ಕೂಗುತ್ತಿದ್ದರು. ಬಸ್ಸು ನಿಂತಾಗ ನಾನು ಬ್ರೇಕು ಒತ್ತದಿದ್ದರೆ ಅದರ ಬೆನ್ನಿಗೆ ಹೋಗಿ ಮುತ್ತು ಕೊಡಬೇಕಾಗುತ್ತಿತ್ತು. ಬಸ್ಸಿನ ಧೂಳನ್ನೆಲ್ಲ ನಾನು ಕುಡಿದೆ. ಒಂದು ಊರಿನಲ್ಲಿ ಬಸ್ಸು ತುಂಬಿದ್ದನ್ನು ಕಂಡ ಮೂವರು ಹಿಂದೆ ಬಂದು ನನ್ನ ಬಾಗಿಲು ತೆರೆದರು.

“ಹಿಂದಿಂದು ಖಾಲಿ ಐತಿ ಬರ್ರೋ,” ಎಂದು ಒಬ್ಬ ಉಳಿದವರನ್ನು ಕರೆದ.

“ಇದು ಕಾರು,” ಎಂದೆ.

“ಇರ್ಲಿ ಬಿಡ್ರಿ, ನಾವೇನ ಅಂದ್ವು?” ಎಂದು ಕುಳಿತ. “ಬಸ್ಸಿಗೆ ಕಟ್ಟೇರಲ್ಲ, ಬಸ್ಸ ಅಲ್ಲೇನು?”

ಹನ್ನೆರಡೂಕಾಲಿಗೆ ನಾವು ಹಿರೇಕೆರೂರಿನ ಮಾವನ ಮನೆಯ ಓಣಿಯ ತುದಿ ಮುಟ್ಟಿದೆವು. ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದ ಪರಮೇಶಪ್ಪ ಮೊದಲು ಬಸ್ಸನ್ನು ನೋಡಿದ, ಆಮೇಲೆ ಹಗ್ಗವನ್ನು, ಆಮೇಲೆ ಹಗ್ಗದ ತುದಿಗಿದ್ದ ನನ್ನನ್ನು. ನನ್ನ ಹುಬ್ಬಿನ ಮೇಲೆ ಧೂಳು ಮಡುಗಟ್ಟಿತ್ತು.

“ಬರ್ರಿ ಷಡ್ಡಕರ,” ಎಂದ ಬಹಳ ಮರ್ಯಾದೆಯಿಂದ. “ಪೆಟ್ರೋಲಿಗೆ ಎಷ್ಟ ಮೈಲು ಕೊಡತೈತಿ?”

“ಪೆಟ್ರೋಲ್ ಹತ್ತೂದ ಇಲ್ಲ,” ಎಂದೆ.

ಒಳಗೆ ಪಡಸಾಲೆಯಲ್ಲಿ ಜಮಖಾನದ ಮೇಲೆ ಹಿರಿಯರು ಕುಳಿತಿದ್ದರು. ಗಂಡಿನ ಕಡೆಯ ಯಜಮಾನರು ಕೈ ಚಾಚಿ, “ತರ್ರಿ, ಎಲಿ ತರ್ರಿ” ಎಂದರು. ಮಾವನವರು ಬುಟ್ಟಿಯನ್ನು ಮುಂದಿಟ್ಟು ಗೋಣಿತಟ್ಟು ಸರಿಸಿದರು. ಒಳಗೆ ಬಾಳೆಲೆ ಇತ್ತು. ಅದನ್ನೂ ಸರಿಸಿದರು. ಅದರ ಕೆಳಗೆ ಬುಟ್ಟಿ ಇತ್ತು. ಕೈಯಾಡಿಸಿದರು, ಮೂವತ್ತು ವರ್ಷ ಎಣಿಸಿ ಕೊಟ್ಟ ಆ ಬೆರಳುಗಳಿಗೆ ಎಣಿಸಲು ಒಂದೂ ಸಿಗಲಿಲ್ಲ. ಒಳಬಾಗಿಲ ಮರೆಯಲ್ಲಿ ಸರೋಜವ್ವ ನಿಂತಿದ್ದಳು. ಅವಳ ಕಣ್ಣನ್ನು ನಾನು ನೋಡಲಾರದೆ ನೆಲ ನೋಡಿದೆ. ಭೂಮಿ ಬಾಯಿ ಬಿಡಲಿಲ್ಲ. ಹಿರೇಕೆರೂರಿನ ನೆಲ ಗಟ್ಟಿ.

ಆಗ ಮಾದೇವಿ ಮುಂದೆ ಬಂದಳು. ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದಳು. ಅದರೊಳಗೆ ಒದ್ದೆ ಬಟ್ಟೆ. ಅದರ ಮಡಿಕೆಯಲ್ಲಿ ಐದು ಎಲೆ, ಈಗಷ್ಟೇ ಬಳ್ಳಿಯಿಂದ ಕೊಯ್ದ ಹಾಗೆ ಹಸಿರಾಗಿ, ನೀರ ಹನಿಯ ಸಮೇತ.

“ಶಾಸ್ತ್ರಕ್ಕ ಐದು ಎಲಿ ಸಾಕಲ್ರಿ ಯಜಮಾನ್ರ?” ಎಂದಳು.

ಯಜಮಾನರು ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದು, ಮೂಸಿ, “ಸವಣೂರಿಂದು” ಎಂದರು. “ಬುಟ್ಟಿ ಎಲಿ ತಿನ್ನಾಕ. ಸಂಬಂಧಕ್ಕ ಇಷ್ಟ ಸಾಕು.” ಎಲೆ ಕೈ ಬದಲಾಯಿತು. ಹನ್ನೆರಡು ಮೂವತ್ತೆರಡು.

“ಯಾವಾಗ ತಗದಿಟ್ಟಿ?” ಎಂದು ನಾನು ಮರೆಯಲ್ಲಿ ಕೇಳಿದೆ.

“ನೀವು ಗಾಡಿಗೆ ಕುಂಕುಮ ಹಚ್ಚಾಕತ್ತಿದ್ರೆಲ್ಲ, ಅವಾಗ. ಹಿಂದ ನಮ್ಮಪ್ಪ, ಮುಂದ ನೀವು. ನನಗ ಅಷ್ಟರೆ ತಿಳೀತಿತ್ತು.”

ಊಟಕ್ಕೆ ಎಲೆ ಹಾಕುವ ಹೊತ್ತಿಗೆ, ಅಷ್ಟೂ ಹೊತ್ತು ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದ ಅತ್ತೆ ಹೊನ್ನವ್ವ ಹೊರಗೆ ಬಂದರು. ಕೈಗೆಲ್ಲ ಹಿಟ್ಟು. ಓಣಿಯ ಹೆಂಗಸರು ಅವರ ಸುತ್ತ. ಮಾದೇವಿಯ ಅಕ್ಕನೂ ಅಲ್ಲೇ ಇದ್ದಳು, ಇಸ್ತ್ರಿ ಮುರಿಯದ ಸೀರೆಯಲ್ಲಿ.

“ಏನವ ಮಾದೇವಿ, ಕಾರಿನ್ಯಾಗ ಬರ್ತೇನಿ ಅಂತ ಕಾಗದ ಬರದಿದ್ದಿ. ಗೆರಿ ಬ್ಯಾರೆ ಹೊಡದಿದ್ದಿ. ಬಸ್ಸಿಗೆ ಬಂದಿ ಅಂತಲ್ಲ?”

ಎಲ್ಲರೂ ಮಾದೇವಿಯನ್ನು ನೋಡಿದರು. ನಾನು ಕಂಬದ ಹಿಂದೆ ಸರಿದೆ. ಹಮಾಲರ ಮುಂದೆ ಮಾಡಿದ ಪ್ರತಿಜ್ಞೆ ಆ ಕಂಬದಷ್ಟು ಅಗಲವಾಗಿರಲಿಲ್ಲ.

“ಏನ ಮಾಡಲೆವ್ವ,” ಎಂದಳು ಮಾದೇವಿ. “ಕಾರೂ ಬಸ್ಸಿಗೇ ಬಂತು.”

ಪಡಸಾಲೆ ನಕ್ಕಿತು, ಅಡುಗೆಮನೆ ನಕ್ಕಿತು, ಗಂಡಿನ ಕಡೆಯವರೂ ನಕ್ಕರು. ಊಟಕ್ಕೆ ಕುಳಿತಿದ್ದ ಫಕ್ಕೀರಪ್ಪ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡ.

ಸಂಜೆ ಬೇಗಂ ಅನ್ನು ಓಣಿಯ ಆಚೆ ತುದಿಯ ಮೆಕ್ಯಾನಿಕನ ಬಳಿ ಮುಟ್ಟಿಸಬೇಕಿತ್ತು. ನೂಕದೆ ಬೇರೆ ದಾರಿಯಿರಲಿಲ್ಲ. ಹಿಂದೆ ಮಾವನವರು ಮತ್ತು ಪರಮೇಶಪ್ಪ ಕೈ ಹಚ್ಚಿದರು. ನಾನು ಚಾಲಕನ ಬಾಗಿಲು ತೆರೆದು, ಒಂದು ಕೈ ಸ್ಟಿಯರಿಂಗಿನ ಮೇಲೆ, ಹೆಗಲು ಚೌಕಟ್ಟಿಗೆ ಕೊಟ್ಟು ನಿಂತೆ.

“ಈ ಓಣ್ಯಾಗ ಹಾದ ಹೋಗ್ತೀರೇನ್ರಿ?” ಎಂದು ಮಾದೇವಿ ಹೊಸ್ತಿಲಿಂದ ಕೇಳಿದಳು.

“ಹೌದು.”

“ತಡೀರಿ ಹಂಗಾರ.”

ಒಳಗೆ ಹೋದಳು. ಬಂದಾಗ ಅಕ್ಕನ ಇಸ್ತ್ರಿ ಮಾಡಿದ ಬೇರೊಂದು ಸೀರೆ ಉಟ್ಟಿದ್ದಳು. ಮುಂದಿನ ಸೀಟಿನಲ್ಲಿ ಕುಳಿತು, ಬಾಗಿಲು ಎಳೆದುಕೊಂಡು, ಗಾಜನ್ನು ಎರಡು ಬೆರಳಷ್ಟಲ್ಲ, ಪೂರ್ತಿ ಇಳಿಸಿದಳು. ಓಣಿಯ ಹೆಂಗಸರು ಒಲೆಯ ಮೇಲಿನ ಹಾಲು ಬಿಟ್ಟು ಹೊಸ್ತಿಲಿಗೆ ಬಂದರು. ಮಾದೇವಿ ಬೆನ್ನು ನೆಟ್ಟಗೆ ಮಾಡಿ, ಕೈ ಹೊರಗೆ ಚಾಚಿ, ಅಖ್ತರುನ್ನೀಸಾ ತೊಡಿಸಿದ ಹೊಸ ಬಳೆ ಝಲ್ ಎನ್ನುವಂತೆ ತಾರಸಿಯನ್ನು ಎರಡು ಸಲ ಬಡಿದಳು.

“ರೈಟ್, ರೈಟ್.”

ಈ ಸಲ ನಾನು ಬಲಕ್ಕೆ ತಿರುಗಿಸಲಿಲ್ಲ. ನೂಕಿದೆ.